ಪಾತ್ರದಿಂದ ಪ್ರತಿಮೆಗೆ: ವಿಷ್ಣುಪಂತ ಪಾಗನೀಸರ ತುಕಾರಾಮ

ಬೆಳಗಾವಿ ನಗರದಲ್ಲಿಯೂ ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿಯೂ ವಾರಕರಿ ಪಂಥದವರು ಇಂದಿಗೂ ಏಕಾದಶಿಯ ಯಾತ್ರೆಗೆ ದಿಂಡಿ ಕಟ್ಟಿಕೊಂಡು ಪಂಢರಪುರದ ಹಾದಿ ಹಿಡಿಯುತ್ತಾರೆ. ಅವರು ಭಜನೆಗೆ ಕೂಡುವ ಮನೆಗಳಲ್ಲಿ ವಿಠ್ಠಲನ ಬದಿಗೆ ತುಕಾರಾಮರ ಅಚ್ಚಿನ ಪಟವಿರುವುದು ವಾಡಿಕೆ. ತಲೆಗೆ ಪೇಟ, ಹಣೆಗೆ ಗಂಧ, ಕೈಯಲ್ಲಿ ತಂಬೂರಿ, ಮೇಲಕ್ಕೆ ನೆಟ್ಟ ಅರೆತೆರೆದ ಕಣ್ಣು. ಇಂಥ ಪಟಗಳಲ್ಲಿ ಎಷ್ಟೋ 17ನೆಯ ಶತಮಾನದ ಸಂತನಿಗಿಂತ ಹೆಚ್ಚಾಗಿ 1936ರ ಚಲನಚಿತ್ರವೊಂದರ ನಟನನ್ನು ಹೋಲುತ್ತವೆ. ಆ ನಟ ವಿಷ್ಣುಪಂತ ಪಾಗನೀಸ (1892-1943). ಅವರು ಹುಟ್ಟಿದ್ದು ಇದೇ ಜಿಲ್ಲೆಯ ಚಿಕ್ಕೋಡಿಯಲ್ಲಿ.

ಪವಾಡಗಳನ್ನೇ ನೆಚ್ಚಿದ ಚಲನಚಿತ್ರದ ಪಾತ್ರವೊಂದು ಜನಪ್ರಿಯವಾಗುವುದು ಒಂದು ಸಂಗತಿ, ಅದು ಪ್ರತಿಮೆಯಾಗಿ ಗೋಡೆಯೇರಿ ಹೂವು ಮುಡಿಸಿಕೊಳ್ಳುವುದು ಇನ್ನೊಂದು ಸಂಗತಿ. ಎರಡನೆಯದು ಹೇಗೆ ಸಂಭವಿಸುತ್ತದೆ ಎಂಬ ಪ್ರಶ್ನೆಯ ನೆಲೆಯಲ್ಲಿ ಪಾಗನೀಸರ ಬದುಕನ್ನು ನೋಡಲು ಇಲ್ಲಿ ಯತ್ನಿಸಲಾಗಿದೆ.

ಪಾಗನೀಸರ ಕಾಲದ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಚಿಕ್ಕೋಡಿಯ ಪ್ರತಿಭಾವಂತನೊಬ್ಬನಿಗೆ ಹತ್ತಿರದ ರಂಗಭೂಮಿ ಕೊಲ್ಹಾಪುರದ್ದು. ಬಾಲಕನಾಗಿಯೇ ಬಣ್ಣ ಹಚ್ಚಿದ ಅವರು ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರಧಾರಿಯಾಗಿ ಹೆಸರು ಮಾಡಿದರು. ಬಾಲಗಂಧರ್ವರು ಆ ಕಲೆಯನ್ನು ಶಿಖರಕ್ಕೇರಿಸಿದ ಕಾಲವದು. ಹಾಡುಗಾರಿಕೆ, ಬಾಗುವ ಮೈ, ತಗ್ಗಿದ ನೋಟ, ನಿಧಾನವಾದ ಕೈಚಲನೆ ಇವೆಲ್ಲ ಅವರಿಗೆ ಆ ರಂಗಶಿಸ್ತಿನಿಂದ ಬಂದವು. ಮುಂದೆ ಸಂಗೀತ ಶಿಕ್ಷಣದಲ್ಲಿಯೂ ತೊಡಗಿದರು. ನಲವತ್ತು ದಾಟಿದ ಮೇಲೆ ಅವರಿಗೆ ತುಕಾರಾಮನ ಪಾತ್ರ ಒದಗಿತು.

ಪ್ರಭಾತ್ ಫಿಲ್ಮ್ ಕಂಪನಿ 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಸ್ಥಳಾಂತರಗೊಂಡಿತ್ತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಕೂಡ ಕೊಲ್ಹಾಪುರದ ಸ್ಟುಡಿಯೋದಲ್ಲಿಯೇ ಚಿತ್ರೀಕರಣವಾದದ್ದು ಎಂಬುದನ್ನು ಇಲ್ಲಿ ನೆನೆಯಬಹುದು. ಪ್ರಭಾತದ ಪಾಲುದಾರರೂ ಚಿತ್ರಕಲಾವಿದರೂ ಆದ ವಿಷ್ಣುಪಂತ ದಾಮಲೆ ಮತ್ತು ಶೇಖ್ ಫತ್ತೇಲಾಲ ಅವರು ‘ಸಂತ ತುಕಾರಾಮ’ವನ್ನು ನಿರ್ದೇಶಿಸಿದರು. ಸ್ತ್ರೀಪಾತ್ರಧಾರಿಯ ಕೋಮಲತೆ ಸಂತನಿಗೆ ಒಪ್ಪೀತೇ ಎಂಬ ಅನುಮಾನ ಸಂಸ್ಥೆಯೊಳಗೇ ಇತ್ತು. ಅಂತಿಮವಾಗಿ ಆ ಕೋಮಲತೆಯೇ ಚಿತ್ರದ ಬಲವಾಯಿತು. ಪೌರಾಣಿಕ ಚಿತ್ರಗಳ ನಾಯಕರು ಎದೆಯುಬ್ಬಿಸಿ ಕಂಚಿನ ಕಂಠದಲ್ಲಿ ಮಾತನಾಡುತ್ತಿದ್ದ ದಿನಗಳಲ್ಲಿ ಪಾಗನೀಸರ ತುಕಾರಾಮ ಯಾರನ್ನೂ ಎದುರಿಸಿ ನಿಲ್ಲುವುದಿಲ್ಲ. ಸಾಲೋಮಾಲೋ ಅವನ ಅಭಂಗಗಳನ್ನು ತನ್ನವೆಂದು ಹಾಡಿಕೊಂಡರೂ, ಗಾಥೆಯನ್ನು ಇಂದ್ರಾಯಣಿಗೆ ಎಸೆಯಬೇಕಾಗಿ ಬಂದರೂ ಅವನು ಸಿಟ್ಟಾಗುವುದಿಲ್ಲ, ದಂಡೆಯ ಮೇಲೆ ಕೂಡುತ್ತಾನೆ.

ಚಿತ್ರದಲ್ಲಿ ಅದ್ಭುತಗಳಿಗೆ ಕೊರತೆಯಿಲ್ಲ. ಮುಳುಗಿದ ಗಾಥೆಯನ್ನು ನದೀದೇವತೆ ಮರಳಿ ಕೊಡುತ್ತಾಳೆ. ಶಿವಾಜಿಯನ್ನು ಹಿಡಿಯಲು ಬಂದವರಿಗೆ ಕೀರ್ತನೆಯ ಸಭೆಯಲ್ಲಿ ಎಲ್ಲೆಲ್ಲೂ ಶಿವಾಜಿಯೇ ಕಾಣುತ್ತಾನೆ. ಕೊನೆಗೆ ವಿಮಾನ ಇಳಿದು ಸಂತನನ್ನು ವೈಕುಂಠಕ್ಕೆ ಒಯ್ಯುತ್ತದೆ. ಈ ಯಾವ ಸಂದರ್ಭದಲ್ಲಿಯೂ ಪಾಗನೀಸರ ಮುಖದಲ್ಲಿ ಬೆರಗಿಲ್ಲ, ಪವಾಡ ಮಾಡಿದವನ ಹಮ್ಮು ಮೊದಲೇ ಇಲ್ಲ. ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯನ ಮಡಕೆಯ ನಾದಕ್ಕೆ ಶಿವನೇ ಇಳಿದು ಕುಣಿಯುವಾಗ ಗುಂಡಯ್ಯ ತನ್ನ ಪಾಡಿಗೆ ತಾನು ಮೈಮರೆತಿರುತ್ತಾನಲ್ಲ, ಅದೇ ಬಗೆಯ ಮರೆವು ಇದು. ಅದ್ಭುತವನ್ನು ಕಾಣುವ ಕೆಲಸ ಪ್ರೇಕ್ಷಕನದು, ತುಕಾರಾಮನಿಗೆ ಅದು ದಿನದ ಬದುಕಿನ ಭಾಗ. ಮಾತು ಯಾವಾಗ ಮುಗಿಯಿತು, ಹಾಡು ಯಾವಾಗ ಮೊದಲಾಯಿತು ಎಂಬುದು ತಿಳಿಯದಂತೆ ಅವರು ಒಂದರಿಂದ ಇನ್ನೊಂದಕ್ಕೆ ದಾಟುತ್ತಾರೆ. ಕಲಾವಿಮರ್ಶಕಿ ಗೀತಾ ಕಪೂರ್ ಈ ಚಿತ್ರವನ್ನು ಪ್ರತಿಮಾತತ್ತ್ವದ ನೆಲೆಯಲ್ಲಿ ವಿಶ್ಲೇಷಿಸಿದ್ದಾರೆ. ಆ ಚರ್ಚೆಗೆ ಪೂರಕವಾಗಿ, ನಟನ ದೇಹವು ಸ್ತ್ರೀಪಾತ್ರಗಳಲ್ಲಿ ಪಳಗಿದ ದೇಹವೆಂಬುದಕ್ಕೆ ಹೆಚ್ಚಿನ ಒತ್ತು ಸಿಗಬೇಕೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಇಷ್ಟಾದರೂ ಪಾಗನೀಸರೊಬ್ಬರಿಂದಲೇ ಇದು ಸಾಧ್ಯವಾಗುತ್ತಿರಲಿಲ್ಲ. ಜೀಜಾಯಿಯಾಗಿ ನಟಿಸಿದ ಗೌರಿ ಎಮ್ಮೆ ಸಾಕುವ, ಮಕ್ಕಳ ಹಸಿವಿಗೆ ಕಂಗೆಡುವ, ಗಂಡನನ್ನು ಬೈಯುವ ಹೆಂಗಸು. ಬೇನೆಬಿದ್ದ ಮಗನನ್ನು ಗುಡಿಗೆ ಎಳೆದೊಯ್ದು ಚಪ್ಪಲಿ ಹಿಡಿದು ವಿಠೋಬನನ್ನೇ ಗದರುತ್ತಾಳೆ. ಅವಳ ನೆಲದ ಭಾರವೇ ಅವನನ್ನು ಆಕಾಶಕ್ಕೆ ಹಗುರಾಗಿಸುತ್ತದೆ. ವಿಮಾನವೇರದೆ ಭೂಮಿಯಲ್ಲಿಯೇ ಉಳಿಯುವವಳು ಅವಳು. ಚಿತ್ರವನ್ನು ಸಂತನ ಮಹಿಮೆಯ ಕಥನವೆಂದಷ್ಟೇ ಓದುವವರು ಅವಳ ಪಾಲನ್ನು ಕಳೆದುಬಿಡುತ್ತಾರೆ.

ಮುಂಬಯಿಯ ಒಂದೇ ಚಿತ್ರಮಂದಿರದಲ್ಲಿ ಚಿತ್ರವು ಒಂದು ವರ್ಷಕ್ಕೂ ಮಿಕ್ಕಿ ನಡೆಯಿತು. 1937ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ತುಕಾರಾಮರ ಕಾಲದ, ಎಲ್ಲರೂ ಒಪ್ಪಿದ ಭಾವಚಿತ್ರ ಇರಲಿಲ್ಲವಾದ್ದರಿಂದ ಆ ಬರಿದಾದ ಚೌಕಟ್ಟಿಗೆ ಪಾಗನೀಸರ ಮುಖ ಬಂದು ಕೂತಿತು. ಹಾಡಿಗೂ ಇದೇ ಗತಿಯಾಯಿತು. ಶಾಂತಾರಾಮ ಆಠವಲೆ ಅವರು ಚಿತ್ರಕ್ಕಾಗಿ ಹೊಸದಾಗಿ ಬರೆದ, ಬೀಜವೃಕ್ಷಗಳನ್ನು ಕುರಿತ ಹಾಡನ್ನು ತುಕಾರಾಮರ ಅಭಂಗವೆಂದೇ ಅನೇಕರು ನಂಬಿದರು. ಕೇಶವರಾವ ಭೋಳೆಯವರ ಸಂಗೀತ ಆ ನಂಬಿಕೆಗೆ ಇಂಬಾಯಿತು. ಪ್ರಕ್ಷಿಪ್ತ ವಚನಗಳ, ಅಂಕಿತ ಬದಲಾದ ಕೀರ್ತನೆಗಳ ಸಮಸ್ಯೆಯನ್ನು ಬಲ್ಲ ಕನ್ನಡದ ಸಂಶೋಧಕರಿಗೆ ಇದು ಅಪರಿಚಿತ ವಿದ್ಯಮಾನವೇನಲ್ಲ. ಪಾತ್ರವು ಪರಂಪರೆಯೊಳಗೆ ಪ್ರಕ್ಷೇಪಗೊಂಡಿತು.

ಕನ್ನಡದಲ್ಲಿ ಸುಂದರರಾವ್ ನಾಡಕರ್ಣಿ ಅವರ ‘ಸಂತ ತುಕಾರಾಂ’ 1963ರಲ್ಲಿ ಬಂದಿತು. ರಾಜ್‌ಕುಮಾರ್ ಅವರ ಅಭಿನಯದಲ್ಲಿ ತನ್ಮಯತೆಗೆ ಕೊರತೆಯಿಲ್ಲ, ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ದೊರೆಯಿತು. ಆದರೆ ಕಣ್ಣಪ್ಪ, ಕನಕದಾಸ, ಕಬೀರರನ್ನೆಲ್ಲ ಹೊತ್ತ ಆ ಮುಖ ಅದಾಗಲೇ ರಾಜ್‌ಕುಮಾರರದಾಗಿತ್ತು. ಪ್ರೇಕ್ಷಕರು ಅವರಲ್ಲಿ ತುಕಾರಾಮನನ್ನು ಕಂಡರು, ತುಕಾರಾಮನಲ್ಲಿ ಅವರನ್ನೂ ಕಂಡರು. ಪಾಗನೀಸರ ಮುಖಕ್ಕೆ ತೆರೆಯ ಮೇಲೆ ಅಂಥ ಪೂರ್ವಸ್ಮೃತಿಯ ಹೊರೆಯಿರಲಿಲ್ಲ.

ಈ ಸೌಲಭ್ಯ ಅವರಿಗೂ ದಕ್ಕಿದ್ದು ಒಮ್ಮೆ ಮಾತ್ರ. ‘ಸಂತ ತುಳಸೀದಾಸ’ (1939), ‘ನರಸೀ ಭಗತ್’ (1940), ‘ಮಹಾತ್ಮಾ ವಿದುರ’ (1943) ಚಿತ್ರಗಳಲ್ಲಿ ಅವರು ಮತ್ತೆ ಮತ್ತೆ ಭಕ್ತನ ವೇಷ ತೊಟ್ಟರು. ಪ್ರೇಕ್ಷಕರಿಗೆ ಅವರು ತುಕಾರಾಮನಾಗಿಯೇ ಉಳಿದರು. ಹೆಣ್ಣಾಗಿ ಹತ್ತಾರು ಬಗೆಯಲ್ಲಿ ರಂಗವೇರಿದ್ದ ಕಲಾವಿದನಿಗೆ ಒಂದೇ ಮುಖ ಉಳಿಯಿತೆಂಬುದನ್ನು ಯಶಸ್ಸೆನ್ನಬೇಕೋ ನಷ್ಟವೆನ್ನಬೇಕೋ ತೀರ್ಮಾನಿಸುವುದು ಕಷ್ಟ. 1943ರಲ್ಲಿ ಅವರು ತೀರಿಕೊಂಡರು.

ಕನ್ನಡ ಚಲನಚಿತ್ರ ಚರಿತ್ರೆಗಳಲ್ಲಿ ಪಾಗನೀಸರಿಗೆ ಸ್ಥಳವಿಲ್ಲ, ಅವರ ಚಿತ್ರ ಮರಾಠಿಯದು. ಮರಾಠಿ ಚರಿತ್ರೆಗಳಲ್ಲಿ ಚಿಕ್ಕೋಡಿ ಜನ್ಮಸ್ಥಳದ ಒಂದು ಪದವಾಗಿ ಬಂದು ಹೋಗುತ್ತದೆ. 1956ರಲ್ಲಿ ಎಳೆದ ರಾಜ್ಯದ ಗೆರೆಯನ್ನು 1892ರ ಹುಟ್ಟಿಗೆ ಅನ್ವಯಿಸಿದ್ದರ ಫಲವಿದು. ಗುರ್ಲಹೊಸೂರಿನಲ್ಲಿ ಹುಟ್ಟಿದ ಶಂಬಾ ಜೋಶಿಯವರು ಎರಡೂ ಭಾಷೆಗಳ ಬೇರುಗಳನ್ನು ಒಟ್ಟಿಗೆ ಹುಡುಕಿದರು, ರಾ. ಚಿಂ. ಢೇರೆಯವರು ವಿಠ್ಠಲನ ಮೂಲವನ್ನು ಅರಸುತ್ತ ಕರ್ನಾಟಕಕ್ಕೆ ಬಂದರು. ನಟರ ವಿಷಯದಲ್ಲಿ ಆ ಕೆಲಸ ಬಾಕಿಯಿದೆ. ಖಾನಾಪುರದ ಭಜನೆಯ ಮನೆಯಲ್ಲಿರುವ ಪಟವನ್ನು ಆಕರವಾಗಿ ದಾಖಲಿಸುವುದರಿಂದ ಅದನ್ನು ಆರಂಭಿಸಬಹುದು.