ಸಂಕಟವನ್ನು ಪ್ರಸಾದವಾಗಿಸಿದ ಮಹಾದೇವಿಯಕ್ಕ

ಸಂಸಾರದಲ್ಲಿ ಕಷ್ಟವನ್ನು ಕಾಣದ ಜೀವವಿಲ್ಲ. ಕಷ್ಟವು ಬಂದೊಡನೆ ಕೆಲವರು ದೈವವನ್ನು ದೂರುವರು. ಕೆಲವರು ಒಳಗೊಳಗೇ ಬೇಯುವರು. ತಮಗೊದಗಿದ ಸಂಕಟವನ್ನು ಮರೆಮಾಚದೆ ನುಡಿಗೆ ತಂದು, ಆ ನುಡಿಯನ್ನೇ ಲಿಂಗಕ್ಕೆ ಅರ್ಪಿಸಿ, ಅದರಿಂದಲೇ ನಿಷ್ಠೆಯನ್ನೂ ಧೈರ್ಯವನ್ನೂ ಪಡೆದವರು ವಿರಳ. 12ನೆಯ ಶತಮಾನದ ಶರಣೆ ಮಹಾದೇವಿಯಕ್ಕನು ಅಂತಹ ವಿರಳರಲ್ಲಿ ಅಗ್ರಗಣ್ಯಳು.

ಅಕ್ಕನ ಜನ್ಮಸ್ಥಳ ಉಡುತಡಿ. ಇದು ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ತಂದೆತಾಯಿಗಳು ಶಿವಭಕ್ತರು, ಅವರ ಹೆಸರು ನಿರ್ಮಲ, ಸುಮತಿ ಎಂದು ಚಾಮರಸನು ಹೇಳುತ್ತಾನೆ. ಮಗಳು ಬಾಲ್ಯದಲ್ಲಿಯೇ ಶಿವದೀಕ್ಷೆಯನ್ನು ಪಡೆದು, ಶ್ರೀಶೈಲದ ಚೆನ್ನಮಲ್ಲಿಕಾರ್ಜುನನೇ ತನಗೆ ಪತಿಯೆಂದು ಭಾವಿಸಿದಳು. ಮುಂದೆ ಆ ನಾಮವೇ ಅವಳ ವಚನಗಳ ಅಂಕಿತವಾಯಿತು.

ಅವಳ ಮೊದಲ ಸಂಕಟವು ಅರಮನೆಯಿಂದ ಬಂದಿತು. ಆ ಊರಿನ ಅರಸನಾದ ಕೌಶಿಕನು ಅವಳ ರೂಪಕ್ಕೆ ಮರುಳಾಗಿ ಮಂತ್ರಿಗಳನ್ನು ಕಳುಹಿಸಿದನು. ಅರಸನು ಭವಿ, ಕನ್ಯೆಯು ಲಿಂಗನಿಷ್ಠೆ. ಒಪ್ಪದಿದ್ದರೆ ತಂದೆತಾಯಿಗಳ ಪ್ರಾಣಕ್ಕೇ ಕುತ್ತು. ಇಲ್ಲಿಂದ ಮುಂದಿನ ಕಥೆಯನ್ನು ಕವಿಗಳು ಎರಡು ಬಗೆಯಾಗಿ ಹೇಳಿದ್ದಾರೆ. ಹರಿಹರನ ರಗಳೆಯಂತೆ ಅವಳು ಹಿರಿಯರನ್ನು ಉಳಿಸುವುದಕ್ಕಾಗಿ ವಿವಾಹಕ್ಕೆ ಒಪ್ಪಿದಳು. ಆದರೆ ತನ್ನಿಚ್ಛೆಯಂತೆ ಶಿವಪೂಜೆ, ಮಾಹೇಶ್ವರರ ಗೋಷ್ಠಿ, ಗುರುಸೇವೆ ಇವು ನಡೆಯಬೇಕೆಂದು ಕಟ್ಟುಮಾಡಿದಳು. ಅರಸನು ಮೂರು ಸಲ ಮಾತಿಗೆ ತಪ್ಪಲು ಅರಮನೆಯನ್ನು ತೊರೆದಳು. 15ನೆಯ ಶತಮಾನದ ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಾದರೋ ವಿವಾಹವೇ ನಡೆಯುವುದಿಲ್ಲ. ಆದರೆ ಇಬ್ಬರೂ ಒಂದು ವಿಷಯದಲ್ಲಿ ಏಕಾಭಿಪ್ರಾಯರು: ಅವಳು ಅರಸನ ಐಶ್ವರ್ಯವನ್ನು ತೃಣವೆಂದು ಬಗೆದು, ಉಟ್ಟ ಬಟ್ಟೆಯನ್ನೂ ತ್ಯಜಿಸಿ, ಕೇಶವನ್ನೇ ಉಡುಗೆಯಾಗಿಸಿಕೊಂಡು ಒಬ್ಬಂಟಿಗಳಾಗಿ ಹೊರಟಳು.

ಹೆಣ್ಣೊಬ್ಬಳು ಅಂದಿನ ಕಾಲದಲ್ಲಿ ಹೀಗೆ ಹೊರಡುವುದೆಂದರೆ ಸಾಮಾನ್ಯವೇ? ದಾರಿಯಲ್ಲಿ ಹಸಿವೆ, ತೃಷೆ, ಬಿಸಿಲು, ಮಳೆ. ಅದಕ್ಕಿಂತ ಮಿಗಿಲಾಗಿ ಜನರ ನೋಟ, ಜನರ ಮಾತು. ಇವೆಲ್ಲವೂ ಅವಳ ವಚನಗಳಲ್ಲಿ ಬಂದಿವೆ. ಭಿಕ್ಷೆಯ ಅನ್ನ, ಕೆರೆಬಾವಿಗಳ ನೀರು, ಹಾಳು ದೇಗುಲದ ನೆರಳು ಇವುಗಳನ್ನು ಅವಳು ಹೆಸರಿಸುತ್ತಾಳೆ; ಆದರೆ ದೈನ್ಯದಿಂದಲ್ಲ. ದೇಹಕ್ಕೆ ಬೇಕಾದುದು ಇಷ್ಟೇ, ಆತ್ಮಕ್ಕೆ ಸಂಗಾತಿ ಇದ್ದಾನೆ ಎಂಬ ತೃಪ್ತಿಯು ಅಲ್ಲಿ ತೋರುತ್ತದೆ. ಹಸಿವೆ, ನಿದ್ರೆ, ಕಾಮ, ಕ್ರೋಧಗಳನ್ನು ಎದುರಿಗೆ ನಿಂತವರೆಂಬಂತೆ ಕರೆದು, ತನ್ನನ್ನು ತಡೆಯಬೇಡಿರೆಂದು ತಿಳಿಹೇಳುತ್ತಾಳೆ. ಅತ್ತೆ, ಮಾವ, ಮೈದುನರ ಮನೆಯನ್ನು ಮಾಯಾಸಂಸಾರದ ರೂಪಕವಾಗಿ ಮಾರ್ಪಡಿಸುತ್ತಾಳೆ. ನಿಂದೆಸ್ತುತಿಗಳು ಒದಗಿದಾಗ, ಲೋಕದಲ್ಲಿ ಹುಟ್ಟಿದವರು ಅವುಗಳಿಗೆ ಅಂಜಬಾರದೆಂದು ಮನಸ್ಸಿಗೆ ಸಮಾಧಾನವನ್ನು ಕಲಿಸುತ್ತಾಳೆ.

ಅವಳ ವಚನಗಳೆಲ್ಲವೂ ಗೆಲುವಿನ ನುಡಿಗಳೇ ಎಂದು ತಿಳಿಯಬಾರದು. ವಿರಹದಿಂದ ಬೆಂದು, ಗಿಳಿ ಕೋಗಿಲೆಗಳನ್ನು ಕೇಳುತ್ತ ಇನಿಯನನ್ನು ಅರಸಿದ ವಚನವುಂಟು. ತಾನೇ ನೂಲಿನಿಂದ ಮನೆಯ ಮಾಡಿಕೊಂಡು ಅದರಲ್ಲಿಯೇ ಸಾಯುವ ಹುಳುವಿನಲ್ಲಿ ತನ್ನ ಬಂಧನವನ್ನು ಕಂಡು ಮೊರೆಯಿಟ್ಟುದುಂಟು. ದೇವನು ಒಲಿಯದಿರಲು ಆತನೊಡನೆ ಮುನಿದುದೂ ಉಂಟು. ಅಕ್ಕನು ತನ್ನ ದೌರ್ಬಲ್ಯವನ್ನು ಬಚ್ಚಿಡಲಿಲ್ಲ. ಆದರೆ ನಾನು, ನನ್ನದು ಎಂದು ಮೊದಲಾದ ಅಳಲು ಪ್ರತಿಯೊಂದು ವಚನದಲ್ಲಿಯೂ ಚೆನ್ನಮಲ್ಲಿಕಾರ್ಜುನನ ಅಂಕಿತಕ್ಕೆ ಬಂದು ನಿಲ್ಲುತ್ತದೆ. ದೂರು ಹೇಳುವುದಕ್ಕೂ ಆ ನಾಮವನ್ನೇ ಕರೆಯಬೇಕು. ಕರೆದಷ್ಟೂ ನಿಷ್ಠೆಯು ಬಲಿಯುವುದು. ಲೋಕದ ಪ್ರಲಾಪಕ್ಕೂ ಶರಣರ ವಚನಕ್ಕೂ ಇರುವ ಅಂತರವಿದೇ.

ಇಂತು ನುಡಿಯಲ್ಲಿ ಹದಗೊಂಡ ಧೈರ್ಯಕ್ಕೆ ಕಲ್ಯಾಣದಲ್ಲಿ ಪರೀಕ್ಷೆಯು ಕಾದಿತ್ತು. ಆ ಪ್ರಸಂಗವು 'ಶೂನ್ಯಸಂಪಾದನೆ'ಯಲ್ಲಿ ವಿಸ್ತಾರವಾಗಿದೆ. ಮೊದಲು ಕಿನ್ನರಿ ಬ್ರಹ್ಮಯ್ಯನು ಅವಳನ್ನು ಪರೀಕ್ಷಿಸಿದನು. ಬಳಿಕ ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳು ಅವಳ ಪತಿಯು ಯಾರೆಂದು ವಿಚಾರಿಸಿದರು. ಉಡುಗೆಯ ಹಂಗನ್ನು ತೊರೆದವಳು ಕೇಶದಿಂದ ಮೈ ಮರೆಸಿಕೊಂಡುದೇಕೆಂದು ಕೆಣಕಿದರು. ತುಂಬಿದ ಸಭೆಯಲ್ಲಿ ಇಂತಹ ಪ್ರಶ್ನೆಗೆ ಎಂತಹವರೂ ಕುಗ್ಗುವರು. ಅಕ್ಕನು ಕುಗ್ಗಲಿಲ್ಲ, ಕೆರಳಲೂ ಇಲ್ಲ. ನೋಡುವವರಿಗೆ ನೋವಾಗಬಾರದೆಂದು ಮರೆಸಿಕೊಂಡೆನೆಂದು ವಿನಯದಿಂದಲೇ ಉತ್ತರಿಸಿದಳು. ದಾರಿಯುದ್ದಕ್ಕೂ ತನ್ನ ಸಂಕಟವನ್ನು ಲಿಂಗದ ಮುಂದೆ ನುಡಿದು ನುಡಿದು ಪಳಗಿದವಳಿಗೆ ಜನರ ಮುಂದೆ ನುಡಿಯಲು ಭಯವಿರಲಿಲ್ಲ. ಪ್ರಭುಗಳು ಮೆಚ್ಚಿದರು, ಬಸವಾದಿ ಪ್ರಮಥರು ವಯಸ್ಸಿನಲ್ಲಿ ಕಿರಿಯಳಾದ ಅವಳನ್ನು ಅಕ್ಕನೆಂದು ಗೌರವಿಸಿದರು. ಚೆನ್ನಬಸವಣ್ಣನವರು ಆದ್ಯರ, ಪ್ರಭುದೇವರ ಹಲವು ವಚನಗಳಿಗೆ ಅಕ್ಕನ ಒಂದೇ ವಚನವು ಸಮವೆಂದು ಬೆಲೆಕಟ್ಟಿದ್ದಾರೆ.

ಆದರೂ ಅವಳು ಆ ಮನ್ನಣೆಯಲ್ಲಿ ನೆಲೆಸಲಿಲ್ಲ. ಪ್ರಭುಗಳ ಅಪ್ಪಣೆಯನ್ನು ಪಡೆದು, ಶರಣರನ್ನು ಬೀಳ್ಕೊಂಡು, ಕೃಷ್ಣೆಯ ತೀರದ ಶ್ರೀಶೈಲವನ್ನು ಸೇರಿದಳು. ಅಲ್ಲಿಯ ಕದಳಿವನದಲ್ಲಿ ಲಿಂಗೈಕ್ಯಳಾದಳೆಂದು ಸಂಪ್ರದಾಯವು ಹೇಳುತ್ತದೆ.

ಇಂದು ಅವಳ ಹೆಸರಿನಲ್ಲಿ ಸುಮಾರು 430 ವಚನಗಳೂ, 'ಯೋಗಾಂಗ ತ್ರಿವಿಧಿ'ಯೆಂಬ ತ್ರಿಪದಿಗಳ ಕೃತಿಯೂ ದೊರೆತಿವೆ. ತಾಳೆಯ ಗರಿಗಳಲ್ಲಿ ಅಡಗಿದ್ದ ಶರಣರ ವಚನಗಳು ಫ.ಗು. ಹಳಕಟ್ಟಿಯವರ ಶ್ರಮದಿಂದ 1923ರಲ್ಲಿ 'ವಚನಶಾಸ್ತ್ರಸಾರ'ವಾಗಿ ಅಚ್ಚಾಗಿ ನಾಡಿಗೆ ಪರಿಚಿತವಾದವು. ವಿಜಯಪುರದಲ್ಲಿ 2003ರಲ್ಲಿ ಸ್ಥಾಪಿತವಾದ ಮಹಿಳಾ ವಿಶ್ವವಿದ್ಯಾಲಯವು ಈಗ ಅಕ್ಕಮಹಾದೇವಿಯ ಹೆಸರನ್ನು ಹೊತ್ತಿದೆ. ಕೌಶಿಕನ ಅರಮನೆಯ ವೈಭವವು ಅವಳ ಕಥೆಯೊಳಗಲ್ಲದೆ ಬೇರೆಲ್ಲಿಯೂ ಉಳಿದಿಲ್ಲ.

ಎಲ್ಲರೂ ಅಕ್ಕನಂತೆ ಮನೆಯನ್ನು ತೊರೆಯಬೇಕಾಗಿಲ್ಲ. ಎಲ್ಲರಿಗೂ ಅವಳಂತಹ ವಾಣಿಯೂ ಬರಲಾರದು. ಆದರೆ ದುಃಖವನ್ನು ಒಳಗೇ ಕೊಳೆಯಿಸದೆ, ಪರರ ಮೇಲೆ ಚೆಲ್ಲದೆ, ನಿಜವಾದ ಮಾತಿನಲ್ಲಿ ಇಷ್ಟಲಿಂಗದ ಮುಂದಿಡುವುದು ಗೃಹಸ್ಥನಿಗೂ ಗೃಹಿಣಿಗೂ ಸಾಧ್ಯ. ಅರ್ಪಿತವಾದುದೇ ಪ್ರಸಾದವೆಂಬುದು ಶರಣರ ಸಿದ್ಧಾಂತ. ಆ ಸಿದ್ಧಾಂತವು ಅನ್ನೋದಕಗಳಿಗೆ ಮಾತ್ರವಲ್ಲದೆ ಕಣ್ಣೀರಿಗೂ ಸಲ್ಲುವುದೆಂಬುದನ್ನು ಮಹಾದೇವಿಯಕ್ಕನು ಬದುಕಿ ತೋರಿದಳು.