ವಾಷಿಂಗ್ಟನ್ನಿನಿಂದ ರಿಸರ್ವ್ ಬ್ಯಾಂಕಿಗೆ: ಬೆನಗಲ್ ರಾಮರಾವ್

ಅಮೆರಿಕದಲ್ಲಿ ಸೇವೆ ಸಲ್ಲಿಸಿದ ಭಾರತೀಯ ರಾಯಭಾರಿಗಳ ಪಟ್ಟಿಯಲ್ಲಿ ಆಸಫ್ ಅಲಿ ಅವರ ನಂತರದ ಹೆಸರು ಮಂಗಳೂರು ಮನೆತನದ ಬೆನಗಲ್ ರಾಮರಾವ್ ಅವರದು. 1889ರಲ್ಲಿ ಜನಿಸಿ, ಮದರಾಸು, ಕೇಂಬ್ರಿಜ್‌ಗಳಲ್ಲಿ ಓದಿ ಐಸಿಎಸ್ ಸೇರಿದ ಅವರು ದಕ್ಷಿಣ ಆಫ್ರಿಕಾ, ಜಪಾನ್‌ಗಳಲ್ಲೂ ದೇಶವನ್ನು ಪ್ರತಿನಿಧಿಸಿದ್ದರು. ಸಂವಿಧಾನ ಸಲಹೆಗಾರ ಬಿ.ಎನ್. ರಾವ್ ಇವರ ಅಣ್ಣ.

1948ರಲ್ಲಿ ಆರಂಭವಾದ ವಾಷಿಂಗ್ಟನ್ ವಾಸ ದೀರ್ಘವಾಗಲಿಲ್ಲ. ಮರುವರ್ಷ ಆ ಸ್ಥಾನಕ್ಕೆ ವಿಜಯಲಕ್ಷ್ಮಿ ಪಂಡಿತ್ ಬಂದರು; ರಾಮರಾವ್ ಜುಲೈ 1ರಂದು ರಿಸರ್ವ್ ಬ್ಯಾಂಕ್ ಗವರ್ನರ್ ಆದರು.

ನಿಜವಾದ ಪರೀಕ್ಷೆ ಎದುರಾದದ್ದು ಅಲ್ಲಿಯೇ. ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕ ಏರಿಕೆಯನ್ನು ಅವರು ವಿರೋಧಿಸಿದರು. ಬ್ಯಾಂಕು ತಮ್ಮ ಸಚಿವಾಲಯದ ಒಂದು ವಿಭಾಗವೆಂಬುದು ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಅವರ ನಿಲುವು. ನೆಹರೂ ಸಚಿವರ ಪರ ನಿಂತಾಗ, ಏಳೂವರೆ ವರ್ಷ ಪೀಠದಲ್ಲಿದ್ದ ರಾಮರಾವ್ 1957ರ ಜನವರಿಯಲ್ಲಿ ರಾಜೀನಾಮೆಯಿತ್ತರು. ಮುಂದ್ರಾ ಹಗರಣದಿಂದ ಕೃಷ್ಣಮಾಚಾರಿ ಅವರೂ 1958ರಲ್ಲಿ ಹುದ್ದೆ ತೊರೆಯಬೇಕಾಯಿತು. ರಾಮರಾವ್ 1969ರಲ್ಲಿ ನಿಧನರಾದರು.