ಟೋಮಸ್ ಸ್ಟೀವನ್ಸನ ಒಂಟಿ ಸವಾರಿ

ಕುಶಾಲನಗರದಿಂದ ಮಡಿಕೇರಿಗೆ ಏರುವ ದಾರಿಯಲ್ಲಿ ಬೈಸಿಕಲ್ಲನ್ನು ತುಳಿಯುವುದಕ್ಕಿಂತ ತಳ್ಳುವುದೇ ಹೆಚ್ಚೆಂಬುದು ಕೊಡಗಿನ ವಾಚಕರಿಗೆ ತಿಳಿಯದ ಸಂಗತಿಯಲ್ಲ. ಮಡಿಕೇರಿಗಿಂತಲೂ ಬಹಳ ಎತ್ತರವಾದ ಹಿಮಪರ್ವತವನ್ನು ಸರಪಣಿಯಾಗಲಿ ಗಾಳಿಯ ಟೈರಾಗಲಿ ಇಲ್ಲದ ಗಾಡಿಯೊಡನೆ ಏಕಾಕಿಯಾಗಿ ದಾಟಿ, ಅಮೇರಿಕಾ ದೇಶವನ್ನು ಪಶ್ಚಿಮ ಸಮುದ್ರದಿಂದ ಪೂರ್ವ ಸಮುದ್ರದವರೆಗೆ ಬೈಸಿಕಲ್ಲಿನಲ್ಲಿ ಕ್ರಮಿಸಿದವರಲ್ಲಿ ಮೊದಲಿಗನು ಟೋಮಸ್ ಸ್ಟೀವನ್ಸನು.

ಇವನು 1854ನೆಯ ಡಿಸೆಂಬರ್ 24ರಲ್ಲಿ ಇಂಗ್ಲೆಂಡಿನ ಬರ್ಕ್‌ಹ್ಯಾಮ್‌ಸ್ಟೆಡ್ ಎಂಬ ಊರಿನಲ್ಲಿ ಹುಟ್ಟಿದನು. 1871ರಲ್ಲಿ ಅಮೇರಿಕಾಕ್ಕೆ ಹೋಗಿ ಕಾರ್ಖಾನೆಯಲ್ಲಿಯೂ ಗಣಿಯಲ್ಲಿಯೂ ದುಡಿದನು. ಖಂಡವನ್ನು ದಾಟುವ ಸಂಕಲ್ಪವನ್ನು ಮಾಡಿದಾಗ ಅವನಿಗೆ ಸವಾರಿಯೇ ಬಾರದು! ಸಾನ್‌ಫ್ರಾನ್ಸಿಸ್ಕೋ ನಗರಕ್ಕೆ ಬಂದು ಅದನ್ನು ಕಲಿತನು. ಅಂದಿನ ಗಾಡಿಯ ಮುಂದಿನ ಚಕ್ರದ ವ್ಯಾಸವು 50 ಅಂಗುಲ. ಹಿಂದಿನದು ಅಂಗೈಯಗಲವೆನ್ನುವಷ್ಟು ಕಿರಿದು. ಪೆಡಲು ಚಕ್ರದ ಅಚ್ಚಿಗೇ ಜೋಡಿಸಲ್ಪಟ್ಟುದರಿಂದ ಒಂದು ಸುತ್ತು ತುಳಿದರೆ ಸುಮಾರು 13 ಅಡಿ ಮುಂದಕ್ಕೆ ಹೋಗುವುದು. ದಾರಿಯಲ್ಲಿ ಒಂದು ಕಲ್ಲು ಅಡ್ಡವಾದರೆ ಸವಾರನು ತಲೆ ಕೆಳಗಾಗಿ ಬೀಳುವನು.

1884ನೆಯ ಏಪ್ರಿಲ್ 22ರಂದು ಅವನು ಹೊರಟಾಗ ಸಂಗಡವಿದ್ದುದು ಕಾಲುಚೀಲ, ಬದಲಿಗೊಂದು ಅಂಗಿ, ಗುಡಾರವೂ ಹಾಸಿಗೆಯೂ ಆಗಬಲ್ಲ ಮಳೆಯಂಗಿ, ಒಂದು ಪಿಸ್ತೂಲು, ಇಷ್ಟೇ. ಸಿಯೆರಾ ನೆವಾಡಾ ಪರ್ವತದಲ್ಲಿ ದಾರಿಯು ಹಿಮದಿಂದ ಮುಚ್ಚಿಹೋಗಿತ್ತು. ಆದಕಾರಣ ರೈಲು ಹಳಿಯ ಮೇಲೆ ಹಿಮ ಬೀಳದಂತೆ ಕಟ್ಟಿದ್ದ ಮರದ ಮಾಡುಗಳೊಳಗೆ, ಹೊಗೆಯಲ್ಲಿಯೂ ಕತ್ತಲೆಯಲ್ಲಿಯೂ ಗಾಡಿಯನ್ನು ತಳ್ಳಿಕೊಂಡು ನಡೆದನು. ಬಂಡಿ ಬಂದಾಗಲೆಲ್ಲ ಗೋಡೆಗೆ ಆತುಕೊಂಡು ನಿಲ್ಲಬೇಕಾಯಿತು. ರೈಲನ್ನೇ ಕಾಣದ ನಮ್ಮ ಕೊಡಗಿನ ಘಟ್ಟಗಳಲ್ಲಿ ಈ ಭಯವಾದರೂ ಇಲ್ಲ. ಒಮ್ಮೆ ಸೇತುವೆಯ ನಡುವೆ ಇರುವಾಗ ಎದುರಿನಿಂದ ರೈಲು ಬಂದಿತು. ಹಿಂದಿರುಗಲು ಕಾಲವಿಲ್ಲದೆ, ಒಂದು ಕೈಯಿಂದ ತೊಲೆಯನ್ನು ಹಿಡಿದು, ಇನ್ನೊಂದು ಕೈಯಲ್ಲಿ ಬೈಸಿಕಲ್ಲನ್ನು ತೂಗುಬಿಟ್ಟು, ಬಂಡಿ ದಾಟುವವರೆಗೂ ಪ್ರಪಾತದ ಮೇಲೆ ಜೋತುಬಿದ್ದಿದ್ದನು. ಗಾಡಿಯನ್ನು ಕೈಬಿಟ್ಟಿದ್ದರೆ ಸುಲಭವಾಗುತ್ತಿತ್ತು. ಆದರೆ ಯಾತ್ರೆಯು ಅಲ್ಲಿಗೇ ಮುಗಿಯುತ್ತಿತ್ತು. ಸುಮಾರು 3,700 ಮೈಲುಗಳ ದಾರಿಯಲ್ಲಿ ಮೂರನೆಯ ಒಂದು ಭಾಗವನ್ನು ನಡೆದೇ ಸಾಗಿಸಿ ಆಗಸ್ಟ್ 4ರಂದು ಬೋಸ್ಟನ್ನನ್ನು ಸೇರಿದನು.

ಅಷ್ಟರಿಂದ ತೃಪ್ತನಾಗದೆ 1885ರಲ್ಲಿ ಲಿವರ್‌ಪೂಲಿನಿಂದ ಪೂರ್ವಾಭಿಮುಖವಾಗಿ ಹೊರಟನು. ಯೂರೋಪು, ತುರ್ಕಿಗಳನ್ನು ದಾಟಿ ಚಳಿಗಾಲವನ್ನು ತೆಹರಾನಿನಲ್ಲಿ ಕಳೆದನು. ಅಫಗಾನಿಸ್ಥಾನದಲ್ಲಿ ಬಂಧಿತನಾಗಿ ಪಾರಸೀಕಕ್ಕೆ ಹಿಂದಟ್ಟಲ್ಪಟ್ಟುದರಿಂದ, ಬಹುದೂರ ಸುತ್ತಿ ಹಡಗಿನಲ್ಲಿ ಕರಾಚಿಗೆ ಬಂದು, ರೈಲಿನಲ್ಲಿ ಲಾಹೋರನ್ನು ಸೇರಿ, 1886ರ ಮಳೆಗಾಲದಲ್ಲಿ ಅಲ್ಲಿಂದ ಕಲ್ಕತ್ತೆಯವರೆಗೆ ಸವಾರಿಮಾಡಿದನು. ಷೇರ್ ಷಹನ ಹೆಸರಿನೊಡನೆ ಬೆಸೆದುಕೊಂಡಿರುವ ಆ ಹೆದ್ದಾರಿಯು ಅವನಿಗೆ ಬಹಳ ಮೆಚ್ಚಿಗೆಯಾಯಿತು. ವಿಂಧ್ಯದ ದಕ್ಷಿಣಕ್ಕೆ ಮಾತ್ರ ಅವನು ಬರಲಿಲ್ಲ. ಫ್ರೆಂಚರೊಡನೆ ನಡೆದ ಯುದ್ಧದಿಂದ ಪರದೇಶೀಯರ ಮೇಲೆ ಕುಪಿತರಾಗಿದ್ದ ಚೀನೀ ಜನರ ಗುಂಪು ಅವನನ್ನು ಮುತ್ತಿದಾಗ, ಪ್ರಾಣವನ್ನು ಉಳಿಸಿದವರು ಚೀನೀ ಅಧಿಕಾರಿಗಳೇ. ಪೌರಸ್ತ್ಯ ಜನರನ್ನು ಕುರಿತು ಅವನ ಗ್ರಂಥದಲ್ಲಿ ಅಲ್ಲಲ್ಲಿ ಕಾಣುವ ಬಿಂಕದ ಮಾತುಗಳನ್ನು ಓದುವಾಗ, ಅವನಿಗೆ ಅನ್ನವಿಕ್ಕಿ ಆಶ್ರಯವಿತ್ತವರೂ ಅವರೇ ಎಂಬುದನ್ನು ಮರೆಯಲಾಗದು. 1886ನೆಯ ಡಿಸೆಂಬರ್ 17ರಂದು ಜಪಾನಿನ ಯೊಕೊಹಾಮಾದಲ್ಲಿ ಸವಾರಿಯು ಮುಗಿಯಿತು. ಚಕ್ರವು ಉರುಳಿದ ದೂರವು ಸುಮಾರು 13,500 ಮೈಲು.

ಆಮೇಲೆ ಆಫ್ರಿಕಾಕ್ಕೆ ಸ್ಟಾನ್ಲಿಯನ್ನು ಹುಡುಕಿ ಹೋದುದು, ರಷ್ಯಾದಲ್ಲಿ ಕುದುರೆಯ ಮೇಲೆ ಸಂಚರಿಸಿದುದು ಬೇರೆಯ ಕಥೆಗಳು. ಮುಂದೆ ಸ್ವದೇಶಕ್ಕೆ ಹಿಂದಿರುಗಿ, ಲಂಡನ್ನಿನ ಗ್ಯಾರಿಕ್ ನಾಟಕಶಾಲೆಯ ವ್ಯವಸ್ಥಾಪಕನಾಗಿದ್ದು, 1935ನೆಯ ಜನವರಿ 24ರಂದು ತೀರಿಕೊಂಡನು. ಅವನ ಬೈಸಿಕಲ್ಲನ್ನು ಅಮೇರಿಕದ ಪೋಪ್ ಕಂಪೆನಿಯವರು ಬಹುಕಾಲ ಜೋಪಾನವಾಗಿ ಇರಿಸಿಕೊಂಡಿದ್ದರು. ಎರಡನೆಯ ಮಹಾಯುದ್ಧದಲ್ಲಿ ಲೋಹದ ಅಭಾವವುಂಟಾದಾಗ ಅದನ್ನೂ ಹಳೆಯ ಕಬ್ಬಿಣದ ರಾಶಿಗೆ ಸೇರಿಸಿಬಿಟ್ಟರು.